ಈಪೊ ದಾರಿ

"ಇದೇ ನೋಡವ್ವ ಮಲಯ. ಹುಣಸೆಕಾಯಿ ತೂಗುಬಿದ್ದಂಗೆ ಐತೆ," ಎಂದು ನಂಜಪ್ಪ ಜಮಖಾನದ ಮೇಲೆ ಹರಡಿದ್ದ ಭೂಪಟವನ್ನು ಮಗಳಿಗೆ ತೋರಿಸಿದರು. "ಮೂರು ಕಡೆಗೂ ನೀರು. ಪಿನಾಂಗಿನಾಗೆ ಹಡಗು ಇಳಿಯಾದು, ಬಾಡಿಗೆ ಮೋಟಾರು ಹಿಡಿಯಾದು, ಸೀದಾ ಸಿಂಗಪುರಕ್ಕೆ ಹೋಗಾದು. ಈಗ ಸಮುದ್ರದ ಮ್ಯಾಲೂ ದಾರಿ ಕಟ್ಟವ್ರಂತೆ!"

ಉಮಾಮಹೇಶ್ವರಿ ಮಂಡಿಯೂರಿ ಬಗ್ಗಿದಳು. ಒಂದು ಕಡೆ ಮಾಗಡಿ, ಇನ್ನೊಂದು ಕಡೆ ಚನ್ನಪಟ್ಟಣ. ತಮ್ಮೂರು ಕ್ಲೋಸ್‌ಪೇಟೆಯ ಆಚೆಗೆ ಅವಳು ಕಂಡ ಲೋಕ ಅಷ್ಟೇ. ತಾಯಿಯಿಲ್ಲದ ಒಬ್ಬಳೇ ಮಗಳು. ಮದುವೆಯಾದ ಮೇಲೂ ಅಪ್ಪನ ಮನೆ ಬಿಟ್ಟವಳಲ್ಲ. ಗಂಡ ಪಂಚಾಕ್ಷರಯ್ಯನೇ ಮನೆಅಳಿಯನಾಗಿ ಬಂದಿದ್ದ. ಒಂಬತ್ತು ವರ್ಷವಾದರೂ ಮಕ್ಕಳಾಗಿರಲಿಲ್ಲ. ಹಬ್ಬಕ್ಕೆ ಬಂದ ನೆಂಟರ ಕಣ್ಣು ಮೊದಲು ತನ್ನ ಹೊಟ್ಟೆಯ ಕಡೆಗೇ ಹೋಗುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು. ರೇಷ್ಮೆ ವ್ಯಾಪಾರದ ನೆಪದಲ್ಲಿ ಮಲಯಕ್ಕೆ ಹೊರಟ ಅಪ್ಪ "ನೀನೂ ಬಾರವ್ವ" ಎಂದ ದಿನದಿಂದ ಅವಳ ನಡಿಗೆಯೇ ಬದಲಾಗಿತ್ತು. ಹೊಸ ಚಪ್ಪಲಿ ಹೊಲಿಸಿಕೊಂಡಿದ್ದಳು. ಗಂಡನಿಂದ ಆ ಸೀಮೆಯ ಮಾತು ಕಲಿಯುತ್ತಿದ್ದಳು. "ಮಕಾನ್ ಅಂದ್ರೆ ಊಟ" ಎಂದು ಅವನು ಹೇಳಿಕೊಟ್ಟಾಗ, ನಮ್ಮ ಸಾಬರ ಬೀದಿಯಲ್ಲಿ ಅದು ಮನೆಯಲ್ಲವೇ ಎಂದು ಬಿದ್ದುಬಿದ್ದು ನಕ್ಕಿದ್ದಳು.

ಪಂಚಾಕ್ಷರಯ್ಯ ಮದುವೆಗೆ ಮುಂಚೆ ಆರು ವರ್ಷ ಈಪೊ ಎಂಬ ಊರಿನ ಹತ್ತಿರ ರಬ್ಬರ್ ತೋಟವೊಂದರಲ್ಲಿ ಗುಮಾಸ್ತನಾಗಿದ್ದವನು. ದಾರಿ ಹೇಳಬೇಕಾದವನು ಅವನೇ. ಆದರೆ ಅವನು ಕಂಬಕ್ಕೆ ಒರಗಿ ಕೂತು, ಭೂಪಟದ ಕಡೆ ನೋಡಿಯೂ ನೋಡದಂತಿದ್ದ.

"ತೈಪಿಂಗ್ ದಾಟಿದ ಮ್ಯಾಲೆ ಸಮುದ್ರದ ಪಕ್ಕದ ದಾರಿ ಹಿಡಿಯಾದು ವಾಸಿ, ಮಾವ," ಎಂದ.

"ಅದ್ಯಾಕೆ? ಈಪೊ ಮ್ಯಾಲಿನ ರಸ್ತೆ ಹಲಗೆ ಹಾಸ್ದಂಗೆ ಐತೆ ಅಂದ್ರಲ್ಲ ಮದ್ರಾಸಿನ ಸೆಟ್ಟರು? ನೀವಿದ್ದ ತೋಟಾನೇ ನೋಡ್ದೆ ಬರಾದಾ ಅಳಿಯಂದ್ರೇ?"

"ತೋಟ ಮಾರಿಬುಟ್ರಂತೆ. ಅಲ್ಲಿ ನೋಡಾಕೇನೈತೆ."

ಮೊನ್ನೆ ಅಲ್ಲಿ ಚಳಿಜ್ವರ ಎಂದಿದ್ದ. ನಿನ್ನೆ ಬೆಟ್ಟದ ತಿರುವು ಎಂದಿದ್ದ. ಉಮಾ ತಲೆಯೆತ್ತಿ ಗಂಡನನ್ನು ನೋಡಿದಳು. ಅವನ ಹಣೆ ಬೆವರಿತ್ತು.

ಅಷ್ಟರಲ್ಲಿ ಕನಕಪುರದ ಕಡೆಯಿಂದ ರೇಷ್ಮೆಗೂಡಿನ ಗಾಡಿ ಬಂದಿತೆಂದು ಕೂಗು ಕೇಳಿ ನಂಜಪ್ಪ ಎದ್ದು ಹೋದರು. ಪಂಚಾಕ್ಷರಯ್ಯ ಹೆಂಡತಿಗೆ ಕಣ್ಸನ್ನೆ ಮಾಡಿ ಹಿತ್ತಲಿಗೆ ನಡೆದ.

ಹಿತ್ತಲಿನ ತುಂಬ ಗೂಡು ಬೇಯುವ ವಾಸನೆ. ನೂಲು ತೆಗೆಯುವ ಹೆಂಗಸರು ಎಲ್ಲೆಲ್ಲೂ ಇದ್ದರು. ಯಾರ ಕಿವಿಗೂ ಬೀಳದ ಜಾಗವೆಂದರೆ ಕೊಟ್ಟಿಗೆಯಲ್ಲಿ ನಿಲ್ಲಿಸಿದ್ದ ನಂಜಪ್ಪನವರ ಮೋಟಾರು ಒಂದೇ. ಅವನು ಸ್ಟೀರಿಂಗ್ ಚಕ್ರದ ಮುಂದೆ ಕೂತ. ಅವಳು ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡಳು.

"ಉಮಾ, ನಿಂಗೆ ಸಮುದ್ರ ಅಂದ್ರೆ ಭಯ ಅಂತ ಅಪ್ಪಂಗೆ ಹೇಳ್ಬುಡು. ನೀನು ಒಲ್ಲೆ ಅಂದ್ರೆ ಅವ್ರೂ ಹೊರಡಲ್ಲ."

"ನಂಗೇನು ಭಯ ಇಲ್ವಲ್ಲ."

"ಹೇಳು ಅಂದ್ರೆ ಹೇಳು!" ದನಿ ಏರಿತು; ಆಮೇಲೆ ತಾನಾಗಿಯೇ ಕುಗ್ಗಿತು. ಅವನು ಹಿಂದಕ್ಕೆ ತಿರುಗಲಿಲ್ಲ. ಎದುರಿನ ಗೋಡೆಗೆ ಹೇಳುವವನಂತೆ ಹೇಳಿದ. "ಅಲ್ಲಿ ಒಬ್ಳು ಅವ್ಳೆ. ತಮಿಳಿನೋಳು. ಅದೇ ತೋಟದಾಗೆ ರಬ್ಬರ್ ಹಾಲು ಇಳಿಸ್ತಿದ್ಳು. ಮಾರಿಗುಡೀಲಿ ತಾಳಿ ಕಟ್ಟಿದ್ದೆ."

ಕೊಟ್ಟಿಗೆಯ ಹೆಂಚಿನ ಸಂದಿನಿಂದ ಬಿದ್ದ ಬಿಸಿಲು ಅವಳ ಮಡಿಲಲ್ಲಿತ್ತು. ಅದನ್ನೇ ನೋಡುತ್ತ ಕೇಳಿದಳು: "ಮಕ್ಳು?"

"ಒಂದು ಹೆಣ್ಣು."

"ಹೆಸರು?"

ಅವನು ಚಕ್ರದ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿದ. "ಸರ್ವಮಂಗಳ."

ಅದು ಅವನ ತಾಯಿಯ ಹೆಸರು. ತನಗೆ ಹೆಣ್ಣಾದರೆ ಇದೇ ಹೆಸರಿಡಬೇಕೆಂದು ಉಮಾ ಮದುವೆಯಾದ ವರ್ಷವೇ ಅಂದುಕೊಂಡಿದ್ದಳು. ಅವನಿಗೆ ಹೇಳಿಯೂ ಇದ್ದಳು. ಆಗ ಅವನು ಚೆನ್ನಾಗೈತೆ ಎಂದಿದ್ದ.

"ಏನಂತ ಹೇಳಿ ಬಂದ್ರಿ ಅವ್ರಿಗೆ?"

"ಅಪ್ಪಯ್ಯಂಗೆ ಕಾಯಿಲೆ, ನೋಡ್ಕೊಂಡು ಬತ್ತೀನಿ ಅಂದಿದ್ದೆ. ಇಲ್ಲಿ ಬಂದ್ರೆ ಅಪ್ಪಯ್ಯ ಸಾಯೋ ಹೊತ್ನಾಗೆ ನಿಮ್ಮನೆ ಸಂಬಂಧ ಗೊತ್ತು ಮಾಡ್ಬುಟ್ಟಿದ್ರು. ನಂಗೆ ಬಾಯಿ ಬರ್ನಿಲ್ಲ."

"ಬತ್ತೀನಿ ಅಂದಿದ್ರಿ."

"ಹೂಂ."

ಮೂರು ವರ್ಷದ ಹಿಂದೆ ನೆಂಟರೆಲ್ಲ ಸೇರಿ ಅವನಿಗೆ ಇನ್ನೊಂದು ಮದುವೆ ಮಾಡಲು ಹೊರಟಾಗ, "ನಂಗೆ ಒಬ್ಳೇ ಸಾಕು" ಎಂದು ಅವನು ಊಟದ ಪಂಕ್ತಿಯಿಂದ ಎದ್ದು ಬಂದಿದ್ದ. ಅಂದು ಉಮಾ ಕೋಣೆಯ ಬಾಗಿಲು ಮುಚ್ಚಿ ಅವನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಿದ್ದಳು. ಅವನು ಕಾಲು ಎಳೆದುಕೊಂಡಿದ್ದ. ನಾಚಿಕೆ ಇರಬೇಕೆಂದು ಅವಳು ತಿಳಿದಿದ್ದಳು.

ಅಪ್ಪನಿಗೆ ಹೇಳಿದರೆ ಇವತ್ತೇ ಇವನನ್ನು ಬೀದಿಗೆ ತಳ್ಳುತ್ತಾರೆ. ಆಮೇಲೆ ಅವಳು ಈ ಮನೆಯಲ್ಲಿ ಯಾರಾಗಿ ಇರಬೇಕು? ಹೇಳದೆ, ಸಮುದ್ರಕ್ಕೆ ಹೆದರಿದವಳಂತೆ ನಟಿಸಿ ಕೂತರೆ, ಇದೇ ಹಿತ್ತಲು, ಇದೇ ವಾಸನೆ, ಹಬ್ಬಕ್ಕೆ ಬರುವ ಅದೇ ಕಣ್ಣುಗಳು; ಜೊತೆಗೆ ಇದೊಂದು ಮಾತು, ಸಾಯುವ ತನಕ ಒಳಗೇ.

"ಹೇಳ್ತೀಯಲ್ಲ?" ಅವನು ಈಗ ತಿರುಗಿದ. "ನನ್ನ ಮರ್ಯಾದೆ ನಿನ್ನ ಕೈಯಾಗೈತೆ ಕಣೆ."

ಅವಳು ಇಳಿಯಲು ಹೋದರೆ ಬಾಗಿಲಿನ ಹಿಡಿ ಸಿಕ್ಕಿಕೊಂಡಿತ್ತು. ಎರಡು ಸಲ ಜಗ್ಗಿದಳು, ಭುಜ ಕೊಟ್ಟು ನೂಕಿದಳು. ಕೊನೆಗೆ ಅವನೇ ಇಳಿದು ಬಂದು ಹೊರಗಿನಿಂದ ತೆಗೆಯಬೇಕಾಯಿತು. ಅವನ ಮುಖ ನೋಡದೆ ಪಕ್ಕದಿಂದ ಹಾದು ಒಳಗೆ ಹೋದಳು.

ನಂಜಪ್ಪ ಕೈತೊಳೆದು ಬಂದು ಮತ್ತೆ ಭೂಪಟದ ಮುಂದೆ ಕೂತಿದ್ದರು. ಮಗಳ ಮುಖ ಕಂಡು, "ಯಾಕವ್ವ ಹಿಂಗಿದ್ದೀಯ?" ಎಂದರು.

"ಗೂಡಿನ ಹೊಗೆ, ಅಪ್ಪಾಜಿ."

"ಏನಂತಾರೆ ನಿನ್ನ ಗಂಡ? ಸಮುದ್ರದ ದಾರೀನೇ ಅಂತಾರಾ?"

ಉಮಾ ಅಪ್ಪನ ಎದುರಿಗೆ ಕೂತಳು. ಇನ್ನೂ ಬೇಕಾದರೆ ಭಯ ಎನ್ನಬಹುದಿತ್ತು. ಹಾಗೆಂದರೆ ಅಪ್ಪ ನಕ್ಕು ಭೂಪಟ ಮಡಿಚಿಡುತ್ತಿದ್ದರು.

"ಈಪೊ ಮ್ಯಾಲೇ ಹೋಗಾನ," ಎಂದಳು. "ಅಲ್ಲಿ ಒಂದೆರಡು ದಿನ ನಿಲ್ಲಾನ. ನಾನು ಆ ತೋಟ ನೋಡ್ಬೇಕು."

"ನಾನೇಳ್ನಿಲ್ವಾ!" ನಂಜಪ್ಪ ತೊಡೆ ತಟ್ಟಿ ನೀಲಿ ಪೆನ್ಸಿಲು ಕೈಗೆ ತೆಗೆದುಕೊಂಡರು. "ಅಳಿಯಂದ್ರೇ, ಅಲ್ಲೇ ಯಾಕೆ ನಿಂತ್ರಿ, ಬನ್ನಿ ಇತ್ಲಾಗೆ. ಒಸಿ ನಿಮ್ಮ ತೋಟ ಎಲ್ಲಿ ಬತ್ತದೆ ಗುರುತು ಮಾಡಿ."

ಪಂಚಾಕ್ಷರಯ್ಯ ಹಿತ್ತಲ ಬಾಗಿಲಿನ ಹೊಸಿಲ ಮೇಲೆ ನಿಂತಿದ್ದ. ಒಂದು ಕಾಲಿನ ಚಪ್ಪಲಿ ಬಿಟ್ಟಿದ್ದ, ಇನ್ನೊಂದು ಕಾಲಲ್ಲೇ ಇತ್ತು. ಮಾವ ಪೆನ್ಸಿಲು ಚಾಚಿದ ಕೈಯನ್ನು ಹಾಗೇ ಹಿಡಿದಿದ್ದರು.

ಉಮಾಮಹೇಶ್ವರಿ ಸೆರಗನ್ನು ಒತ್ತರಿಸಿಕೊಂಡು, ಜಮಖಾನದ ಮೇಲೆ ಸ್ವಲ್ಪ ಪಕ್ಕಕ್ಕೆ ಸರಿದು, ಅವನಿಗೆ ಜಾಗ ಬಿಟ್ಟಳು.