ಮೇಷ್ಟ್ರು ಗ್ರಜ್

ನಗು ಬರಬೇಕಾದ ಜಾಗ ಇದೇ ಇರಬೇಕು ಅಂದುಕೊಂಡು ಹುಡಾಕ್ ಅದೇ ಪುಟವನ್ನು ಮತ್ತೆ ನೋಡಿದ. ಬರಲಿಲ್ಲ.

ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು. ಅವನೂ ಸರಿದ. ಪಿಟ್ಸ್‌ಬರ್ಗಿನ ಆ ಕಾಮಿಕ್ಸ್ ಅಂಗಡಿಗೆ ಶನಿವಾರ ಮಧ್ಯಾಹ್ನ ಟೈ ಕಟ್ಟಿಕೊಂಡು ಬಂದವನು ಅವನೊಬ್ಬನೇ. ಸಾಲಿನ ತುದಿಯಲ್ಲಿ, ಮೇಜಿನ ಹಿಂದೆ ಕೂತು ಪುಸ್ತಕಗಳಿಗೆ ಸಹಿ ಹಾಕುತ್ತಿದ್ದವನು ಅವನ ಮಗ ನೀಲ್. ಇಬ್ಬರೂ ಪರಸ್ಪರ ಮುಖ ನೋಡಿ ವರ್ಷಗಳಾಗಿದ್ದವು. ಜಗಳವೇನೂ ಆಗಿರಲಿಲ್ಲ. ಆಗಿದ್ದರೆ ರಾಜಿಗೆ ಒಂದು ದಾರಿಯಾದರೂ ಇರುತ್ತಿತ್ತು.

ಕೈಯಲ್ಲಿದ್ದದ್ದು ಗ್ರಜ್ ಎಂಬ ಕಾಮಿಕ್ಸ್ ಪಾತ್ರದ ಪುಸ್ತಕ. ಗ್ರಜ್ ಒಳ್ಳೆಯವನಲ್ಲ, ಪೂರ್ತಿ ಕೆಟ್ಟವನೂ ಅಲ್ಲ. ಕಪ್ಪು ಮುಖವಾಡ ಹಾಕಿ, ಊರು ಉಳಿಸುವ ನೆಪದಲ್ಲಿ, ಹೆಸರಿಗೆ ತಕ್ಕಂತೆ ತನ್ನ ಹಗೆಗಳನ್ನೆಲ್ಲ ತೀರಿಸಿಕೊಳ್ಳುವವನು. ಈ ಸಂಕಲನದಲ್ಲಿ ಒಬ್ಬೊಬ್ಬ ಚಿತ್ರಕಾರ ಅವನನ್ನು ಒಂದೊಂದು ಬೇರೆ ಲೋಕದಲ್ಲಿ ಹುಟ್ಟಿಸಿ ತಮಾಷೆ ಮಾಡಿದ್ದ. ಒಂದು ಲೋಕದಲ್ಲಿ ಗ್ರಜ್ ಅಜ್ಜಿ. ಶತ್ರುಗಳಿಗೆ ಮೈ ಕಡಿಯುವ ಸ್ವೆಟರ್ ಹೆಣೆದು ಕಳಿಸುತ್ತಾಳೆ. ಇನ್ನೊಂದರಲ್ಲಿ ಬಾತುಕೋಳಿ, ಹಳಸಿದ ಬ್ರೆಡ್ ಎಸೆದವರ ಮುಖವನ್ನು ಮರೆಯುವುದೇ ಇಲ್ಲ. ಮತ್ತೊಂದರಲ್ಲಿ ಹಲ್ಲಿನ ಡಾಕ್ಟರು.

ನೀಲ್ ಬರೆದದ್ದು ಮೇಷ್ಟ್ರು ಗ್ರಜ್.

ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳುವ ಈ ಗ್ರಜ್‌ಗೆ ಇರುವುದು ಒಂದೇ ಶಕ್ತಿ. ಯಾರು ಏನೇ ಹೇಳಲಿ, ‘ಅಂದ್ರೆ?’ ಎನ್ನುತ್ತಾನೆ. ಹೇಳಿದವರು ಚಿತ್ರದ ಒಂದೊಂದು ಚೌಕಕ್ಕೂ ಕುಗ್ಗುತ್ತ ಹೋಗುತ್ತಾರೆ. ಬೆಳಗಿನ ತಿಂಡಿಯ ಮೇಜಿನಲ್ಲಿ ಹೆಂಡತಿ, ‘ನಂಗ್ಯಾಕೋ ಬೇಜಾರು ಕಣ್ರೀ’ ಎನ್ನುತ್ತಾಳೆ. ಗ್ರಜ್ ಮೊಟ್ಟೆ ಸುಲಿಯುತ್ತ, ‘ಅಂದ್ರೆ?’ ಅವಳು ಉಪ್ಪಿನ ಡಬ್ಬಿಯಷ್ಟಾಗುತ್ತಾಳೆ. ‘ಅಂದ್ರೆ?’ ಉಪ್ಪಿನ ಹರಳಿನಷ್ಟಾಗುತ್ತಾಳೆ. ಕೊನೆಯ ಚೌಕದಲ್ಲಿ ಸುತ್ತ ಬರೀ ಖಾಲಿ ಕುರ್ಚಿಗಳು. ಗ್ರಜ್ ಮೊಟ್ಟೆಯನ್ನೇ ‘ಅಂದ್ರೆ?’ ಎಂದು ಕೇಳುತ್ತಿದ್ದಾನೆ.

ಹುಡಾಕನೂ ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿದವನೇ. ಮೊಟ್ಟೆಯ ಸಿಪ್ಪೆಯನ್ನು ತಟ್ಟೆಯ ಎಡಕ್ಕೆ ಗುಡ್ಡೆ ಹಾಕುವುದು ಅವನ ಅಭ್ಯಾಸ. ಚಿತ್ರದಲ್ಲೂ ಎಡಕ್ಕೇ ಇತ್ತು. ಹೆಂಡತಿ ಕ್ಯಾರಲ್ ಮನೆ ಬಿಟ್ಟ ದಿನ ಏನೋ ಹೇಳಿದ್ದಳು. ಇವನು ಏನೋ ಕೇಳಿದ್ದ. ಏನು ಕೇಳಿದ್ದೆನೆಂಬುದು ಇವತ್ತಿನವರೆಗೆ ನೆನಪಾಗಿರಲಿಲ್ಲ.

“ಏನ್ ಸಾರ್, ಮೊಮ್ಮಕ್ಕಳಿಗಾ?” ಹಿಂದೆ ನಿಂತಿದ್ದ ಹಸಿರು ಕೂದಲಿನ ಹುಡುಗಿ ಕೇಳಿದಳು.

“ಅಲ್ಲ. ನನಗೇ.”

“ಹೌದಾ! ಮೇಷ್ಟ್ರು ಗ್ರಜ್ ಓದಿದ್ರಾ? ಬಸ್ಸಲ್ಲಿ ನಾನ್ ನಗೋದ್ ನೋಡಿ ಪಕ್ಕದಲ್ಲಿದ್ದೋರು ಎದ್ದೇ ಹೋದ್ರು.”

“ಅಷ್ಟು ನಗು ಬಂತಾ?”

“ಬರದೆ? ಪಾಪ, ಆ ಮುದುಕಂಗೆ ತಾನು ಏನ್ ಮಾಡ್ತಿದೀನಿ ಅಂತಾನೇ ಗೊತ್ತಿಲ್ಲ ನೋಡಿ.”

“ಗೊತ್ತಿರಬಹುದು,” ಎಂದ ಹುಡಾಕ್.

“ಗೊತ್ತಿದ್ರೆ ತಮಾಷೆ ಹೋಯ್ತಲ್ಲ ಸಾರ್.”

ಸಾಲು ಮತ್ತೆ ಮುಂದೆ ಸರಿಯಿತು. ಮಗನಿಗೆ ಹೇಳಲು ಅವನು ಒಂದು ವಾಕ್ಯ ಸಿದ್ಧ ಮಾಡಿಕೊಂಡು ಬಂದಿದ್ದ: ನೀನು ಬರೆದದ್ದು ನನಗೆ ಅರ್ಥವಾಯಿತು. ಪೀಠಿಕೆ ಬೇಡ, ವಿವರಣೆ ಬೇಡ. ಮನಸ್ಸಿನಲ್ಲೇ ಹೇಳಿ ನೋಡಿದ. ಪಾಠದ ಹಾಗೆ ಕೇಳಿಸಿತು.

ಅವನ ಸರದಿ ಬಂತು. ನೀಲ್ ತಲೆ ಎತ್ತಿದ. ಗಡ್ಡ ಬಿಟ್ಟಿದ್ದ.

“ಅಪ್ಪಾ.”

“ಈ ಕಡೆ ಬಂದಿದ್ದೆ. ಹಾಗೇ.”

“ಓದಿದ್ಯಾ?”

“ಓದಿದೆ. ಗೆರೆ ಚೆನ್ನಾಗಿದೆ.”

“ನಗು ಬಂತಾ?”

“ಬಂತು.”

ನೀಲ್ ಪುಸ್ತಕವನ್ನು ತನ್ನತ್ತ ಎಳೆದುಕೊಂಡ. ಬರೆಯಲಿಲ್ಲ. ಪೆನ್ನಿನ ಮುಚ್ಚಳವನ್ನು ತಿರುಗಿಸುತ್ತ ದನಿ ತಗ್ಗಿಸಿದ.

“ಇದು ಮುಗಿದ್ಮೇಲೆ ಎಲ್ಲಾದ್ರೂ ಕೂತು ಊಟ ಮಾಡೋಣ್ವಾ? ನೀನು ಬರ್ತೀಯೇನೋ ಅಂತ... ಸುಮ್ನೆ ಅಂದ್ಕೊಂಡಿದ್ದೆ. ನೋಡಪ್ಪಾ, ಅದನ್ನ ನಾನು ಸಿಟ್ಟಲ್ಲಿ ಬರೀಲಿಲ್ಲ.”

ಹುಡಾಕ್ ಮೇಜಿನತ್ತ ಬಾಗಿದ. ಹೂಂ ಅನ್ನಲು ಬಾಯಿ ತೆರೆದ.

“ಅಂದ್ರೆ?” ಎಂದ.

ಹಿಂದಿದ್ದ ಹುಡುಗಿ ಕಿಸಕ್ಕನೆ ನಕ್ಕಳು. “ಅಯ್ಯೋ ಸಾರ್, ಥೇಟ್ ಅವನ ಥರಾನೇ ಅಂದ್ರಲ್ಲ! ಇನ್ನೊಂದ್ಸಲ ಅನ್ನಿ, ಪ್ಲೀಸ್!” ಸಾಲಿನಲ್ಲಿ ಯಾರೋ ‘ಅಂದ್ರೆ?’ ಎಂದರು. ಇನ್ನೊಬ್ಬರು ಮುಂದುವರಿಸಿದರು. ಇಡೀ ಅಂಗಡಿ ಘೊಳ್ಳೆಂದಿತು.

ಹುಡಾಕನೂ ನಕ್ಕ. ಹಲ್ಲು ಕಾಣುವಂತೆ, ಎಲ್ಲರಿಗಿಂತ ಸ್ವಲ್ಪ ಹೆಚ್ಚು ಹೊತ್ತು.

ನಗದೆ ಉಳಿದವನು ನೀಲ್ ಒಬ್ಬನೇ. ಸಹಿ ಮಾಡಿ, ಪುಸ್ತಕ ಮುಚ್ಚಿ, ಎರಡು ಕೈಯಲ್ಲೂ ಹಿಡಿದು ಕೊಟ್ಟ, ಗಿರಾಕಿಗಳಿಗೆ ಕೊಡುವ ಹಾಗೆ.

“ಬಂದಿದ್ದಕ್ಕೆ ಥ್ಯಾಂಕ್ಸ್.”

“ಊಟದ್ದು...” ಎಂದ ಹುಡಾಕ್. “ನನಗೂ ಸ್ವಲ್ಪ ಕೆಲಸ ಇದೆ.”

“ಇರುತ್ತೆ,” ಎಂದ ನೀಲ್. ಅವನ ಕಣ್ಣು ಆಗಲೇ ಹಸಿರು ಕೂದಲಿನವಳ ಕಡೆ ಹೊರಳಿತ್ತು.

ಕೆಲಸವೇನೂ ಇರಲಿಲ್ಲ. ಹುಡಾಕ್ ಹೊರಗೆ ಬಂದು ಕಾಫಿಯಂಗಡಿಯೊಂದರ ಮುಂದೆ ನಿಂತ, ಒಳಗೆ ಹೋಗಲಿಲ್ಲ. ಹಿಂದಿರುಗಿ ಕಾಮಿಕ್ಸ್ ಅಂಗಡಿಯ ಮೂಲೆಯವರೆಗೂ ನಡೆದ. ಗಾಜಿನೊಳಗೆ ಸಾಲು ಇನ್ನೂ ಉದ್ದವಿತ್ತು. ಮತ್ತೆ ತಿರುಗಿ ನದಿಯ ಕಡೆಗೆ ಹೊರಟ.

ಮನೆ ಗುಡ್ಡದ ಮೇಲೆ. ಇಳಿಜಾರಿನ ಹಳಿಗಾಡಿ ಹತ್ತಿದ. ಒಂದೇ ಉಕ್ಕಿನ ಹಗ್ಗದ ಎರಡು ತುದಿಗೆ ಕಟ್ಟಿದ ಎರಡು ಡಬ್ಬಿಗಳು. ಒಂದು ಇಳಿದರೆ ಇನ್ನೊಂದು ಏರಬೇಕು. ಒಳಗೆ ಬೇರೆ ಯಾರೂ ಇರಲಿಲ್ಲ. ಬಾಗಿಲು ತಾನೇ ಮುಚ್ಚಿಕೊಂಡಿತು.

ನಡುದಾರಿಯಲ್ಲಿ ಇಳಿಯುವ ಡಬ್ಬಿ ಎದುರಾಯಿತು. ಅದರ ಕಿಟಕಿಯಲ್ಲೂ ಒಬ್ಬನೇ ಮನುಷ್ಯ. ವಯಸ್ಸಾದವನು, ಇವನತ್ತಲೇ ನೋಡುತ್ತಿದ್ದ. ಕೈ ಎತ್ತಿದ. ತನಗೋ, ತನ್ನ ಹಿಂದಿನ ಊರಿಗೋ ಎಂದು ಹುಡಾಕ್ ಯೋಚಿಸಿದ. ತನಗೇ ಇರಬೇಕು ಎಂದು ತಾನೂ ಕೈ ಎತ್ತುವಷ್ಟರಲ್ಲಿ ಗಾಜಿನಾಚೆ ಎಲೆ ಉದುರಿದ ಮರಗಳಿದ್ದವು, ಆಮೇಲೆ ಬರಿಯ ಬಂಡೆ.

ಎತ್ತಿದ ಕೈ ಹಾಗೇ ಇತ್ತು. ಕೆಳಗೆ ಆ ಮನುಷ್ಯ ಇಳಿದಷ್ಟೂ, ಇವನು ಏರುತ್ತಲೇ ಇದ್ದ.