ಮಲಗಿರಲಿ ಬಿಡು

೨೦೧೯ರ ಮಾರ್ಚ್ ೧೪, ಗುರುವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಅವಳು ಸ್ಟೂಲಿನ ಮೇಲೆ ನಿಂತು ಮಲಗುವ ಕೋಣೆಯ ಕಪ್ಪು ಪರದೆಯ ಕೊಂಡಿಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಳು. ಒಳಪದರಕ್ಕೆ ಹಳೆಯ ಕಂಬಳಿ ಸೇರಿಸಿ ಅವಳೇ ಹೊಲಿದ ಪರದೆ. ಕೊನೆಯ ಕೊಂಡಿ ಬಿಟ್ಟದ್ದೇ ದೊಪ್ಪೆಂದು ನೆಲಕ್ಕೆ ಬಿತ್ತು. ನಡುಮನೆಯಲ್ಲಿ ಕುಳಿತಿದ್ದವರೆಲ್ಲ ಒಮ್ಮೆಲೇ ಮಾತು ನಿಲ್ಲಿಸಿ ಉಸಿರು ಹಿಡಿದರು. ಆ ಮನೆಯಲ್ಲಿ ಸದ್ದಾದರೆ ಹಾಗೆ ಮಾಡುವುದು ಎಲ್ಲರಿಗೂ ರೂಢಿಯಾಗಿತ್ತು.

ಮಗಳು ತುದಿಗಾಲಲ್ಲಿ ಒಳಗೆ ಬಂದಳು. "ಅಮ್ಮಾ, ಇವತ್ತೇ ಆಗಬೇಕಿತ್ತಾ ಇದು? ಗಾಡಿ ಬರೋ ಹೊತ್ತಾಯ್ತು" ಎಂದು ಪಿಸುಗುಟ್ಟಿದಳು.

"ಜೋರಾಗಿ ಮಾತಾಡು."

"ಎಲ್ಲಿಂದ ಬರುತ್ತೆ ಅತ್ತಿಗೆ ಜೋರು?" ಅಡುಗೆಮನೆಯಿಂದ ನಾದಿನಿ ಕೇಳಿದಳು. "ಅಷ್ಟು ವರ್ಷ ಬಾಯಿಗೆ ಬೀಗ ಹಾಕಿಸಿದ್ರಿ. ನಮ್ಮಣ್ಣನ ಮನೆಗೆ ಬಂದ್ರೆ ನಾನು ಸೀನೋಕೂ ಬೀದಿಗೆ ಹೋಗ್ತಿದ್ದೆ."

ಯಾರೋ ನಕ್ಕರು. ನಕ್ಕದ್ದು ತಪ್ಪಾಯಿತೇನೋ ಎಂಬಂತೆ ಕೆಮ್ಮಿದರು.

ಅವಳು ಕಿಟಕಿಯ ಕಡೆ ನೋಡಿದಳು. ಮಂಚದ ಮೇಲೆ ಬಿಸಿಲು ಬಿದ್ದಿತ್ತು. ಆ ಹಾಸಿಗೆ ಬಿಸಿಲು ಕಂಡದ್ದು ಇದೇ ಮೊದಲು.

ಅವಳ ಗಂಡ ಬೇಕರಿಯ ಒಲೆಯ ಮುಂದೆ ರಾತ್ರಿಯೆಲ್ಲ ದುಡಿಯುತ್ತಿದ್ದವನು. ಬೀದಿಯವರೆಲ್ಲ ಅವನನ್ನು 'ಗೂಬೆ' ಎಂದೇ ಕರೆಯುತ್ತಿದ್ದರು, ಅವನೂ ಓಗೊಡುತ್ತಿದ್ದ. ಅವಳದು ಆಸ್ಪತ್ರೆಯ ಲಾಂಡ್ರಿಯಲ್ಲಿ ಹಗಲು ಕೆಲಸ. ಒಂದೇ ಹಾಸಿಗೆ, ಎರಡು ಪಾಳಿ. ಅವನು ಬರುವಾಗ ಅವಳು ಹೊರಡುವಳು. ಎದುರಾದಾಗ ಅವನು ಜೇಬಿನಿಂದ ಬಿಸಿ ಬನ್ನೊಂದನ್ನು ತೆಗೆದು ಅವಳ ಕೈಗಿಡುವನು. ಅವರ ಸಂಸಾರ ನಡೆದದ್ದೆಲ್ಲ ಆ ಹೊಸ್ತಿಲಿನ ಮೇಲೆಯೇ. ಮನೆಯ ಕರೆಗಂಟೆಯ ತಂತಿ ಕತ್ತರಿಸಿಟ್ಟಿದ್ದಳು, ಚಿಲಕಕ್ಕೆ ಬಟ್ಟೆ ಸುತ್ತಿದ್ದಳು. ಮಗಳು ಮೊದಲು ಕಲಿತ ಪೂರ್ತಿ ವಾಕ್ಯ "ಅಪ್ಪ ಮಲಗಿದ್ದಾರೆ". ಅವಳಿಗೆ ರಜೆಯಿದ್ದ ಒಂದು ದಿನ ಅದೇ ಮಗಳು ಮೆಟ್ಟಿಲಿನಿಂದ ಬಿದ್ದು ಕೈ ಮುರಿದುಕೊಂಡಾಗಲೂ ಅವಳು ಅವನನ್ನು ಎಬ್ಬಿಸಿರಲಿಲ್ಲ. ಬಿಕ್ಕುತ್ತಿದ್ದ ಮಗುವಿನ ಬಾಯಿಗೆ ಸೆರಗು ಒತ್ತಿ ಹಿಡಿದು ಆಸ್ಪತ್ರೆಗೆ ಹೊತ್ತುಕೊಂಡು ಹೋಗಿದ್ದಳು. "ಇಂಥ ಹೆಂಡತಿ ಯಾರಿಗಿದ್ದಾಳೆ ಹೇಳಿ" ಎಂದು ಅವನು ಬೇಕರಿಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದ.

ಹೊರಗೆ ಗಾಡಿಯ ಹಾರನ್ ಕೇಳಿಸಿತು. ಒಮ್ಮೆ ಮಾತ್ರ, ಮೆಲ್ಲಗೆ.

*

ಕೆಲವೇ ವಾರಗಳ ಹಿಂದಿನ ಆ ಹಡಗಿನ ಯಾನ ಮಗಳು ಅಳಿಯ ಸೇರಿ ಕೊಟ್ಟ ಉಡುಗೊರೆ. ಗಂಡ ಹೆಂಡತಿ ಇಬ್ಬರೂ ಕೆಲಸದಿಂದ ನಿವೃತ್ತರಾಗಿದ್ದರು. ಅವರಿಗೆ ಸಿಕ್ಕಿದ್ದು ಹಡಗಿನ ಹೊಟ್ಟೆಯೊಳಗಿನ, ಕಿಟಕಿಯಿಲ್ಲದ ಕೋಣೆ. ಉಳಿದವರು ಗೊಣಗುವ ಕೋಣೆಗೆ ಕಾಲಿಟ್ಟು ಅವನು ದೀಪ ಆರಿಸಿ ನೋಡಿದ.

"ನೋಡೇ, ಹಗಲಲ್ಲೂ ಕಗ್ಗತ್ತಲು! ಪರದೆ ಹೊಲಿಯೋ ಕೆಲಸ ತಪ್ಪಿತು ನಿಂಗೆ."

ಮೊದಲ ರಾತ್ರಿ ಇಬ್ಬರೂ ಒಟ್ಟಿಗೆ ಮಲಗಿದರು. ಕೈ ಎಲ್ಲಿಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ. ಅವನು ಗೊರಕೆ ಹೊಡೆಯುತ್ತಾನೆಂಬುದು ಅವಳಿಗೆ, ಅವಳು ನಿದ್ದೆಯಲ್ಲಿ ಬಟ್ಟೆ ಹಿಂಡುವಂತೆ ಬೆರಳು ಆಡಿಸುತ್ತಾಳೆಂಬುದು ಅವನಿಗೆ ಗೊತ್ತಾಯಿತು. ನಡುರಾತ್ರಿ ಅವನು ಮೆಲ್ಲನೆದ್ದು ಹೋದ. ಬೆಳಕಾದಾಗ ಜೇಬಿನಲ್ಲಿ ಬಿಸಿ ಬನ್ನಿಟ್ಟುಕೊಂಡು ಬಂದ. ಹಡಗಿನ ಅಡುಗೆಮನೆಯಲ್ಲಿ ಹಿಟ್ಟು ನಾದುವವರ ಗೆಳೆತನ ಅಷ್ಟರಲ್ಲೇ ಆಗಿಹೋಗಿತ್ತು. ಅವಳು ಬನ್ನು ತಿಂದು ಹೊರಗೆ ಹೋದಳು, ಅವನು ಮಲಗಿದ. ಸಮುದ್ರದ ಮೇಲೂ ಅದೇ ಎರಡು ಪಾಳಿ.

ಒಂದು ದಿನ ಮಾತ್ರ ಅವನು ಹಟ ಹಿಡಿದು ಎಚ್ಚರವಿದ್ದು ಅವಳ ಜೊತೆ ದಡಕ್ಕಿಳಿದ. ಬಂದರಿನ ಹತ್ತಿರ ಬಿಳಿ ಗೋಡೆಗಳ ಒಂದು ಬೀದಿ, ಅದರ ತುದಿಯಲ್ಲಿ ಕಲ್ಲುಬೆಂಚು. ಕುಳಿತದ್ದೇ ತಡ, ಅವನ ತಲೆ ಅವಳ ಭುಜಕ್ಕೆ ಒರಗಿತು. ಹಡಗು ಹೊರಡುವ ಕೂಗು ಕೇಳುವವರೆಗೂ ಅವಳು ಅಲುಗಾಡಲಿಲ್ಲ. ಇಬ್ಬರೂ ಏದುಸಿರು ಬಿಡುತ್ತ ಓಡಿ ಹಡಗು ಹತ್ತಿದರು.

"ಎಬ್ಬಿಸಬಾರದಿತ್ತೇನೇ? ಊರು ನೋಡೋಕೆ ಬಂದು ನಿನ್ನ ಹೆಗಲು ನೋಡಿ ಬಂದ ಹಾಗಾಯ್ತು."

"ನಿಮ್ಮನ್ನ ಎಬ್ಬಿಸೋದು ನಂಗೆಲ್ಲಿ ಅಭ್ಯಾಸ?"

"ಅಭ್ಯಾಸ ಮಾಡ್ಕೋ. ಮುಂದಿನ ಊರಲ್ಲಿ ನಾನು ಬೈದ್ರೂ ಬಿಡಬೇಡ. ನೀರು ಸುರಿದಾದ್ರೂ ಎಬ್ಬಿಸು."

ಮುಂದಿನ ಊರು ಬಂದ ಬೆಳಿಗ್ಗೆ ಅವನು ಬನ್ನು ಕೊಟ್ಟು, ಎದೆ ನೀವಿಕೊಂಡು, "ಉರಿ ಉರಿ. ಹಡಗಿನವರು ಬೆಣ್ಣೆ ಸುರಿದೇ ಸಾಯಿಸ್ತಾರೆ. ಹತ್ತು ಗಂಟೆಗೆ ಎಬ್ಬಿಸ್ತೀಯಲ್ಲ?" ಎಂದು ಮಲಗಿದ.

ಹತ್ತು ಗಂಟೆಗೆ ಅವಳು ಹೊಸ ಚಪ್ಪಲಿ ಹಾಕಿಕೊಂಡು ಬಂದು ಬಾಗಿಲು ಸ್ವಲ್ಪವೇ ತೆರೆದಳು. ಗೆರೆಯಷ್ಟು ಬೆಳಕು ಅವನ ಕಾಲಿನ ಮೇಲೆ ಬಿತ್ತು. ಅವನು ಗೋಡೆಗೆ ಮುಖ ಮಾಡಿದ್ದ. "ಹೂಂ..." ಎಂದೋ ಏನೋ ಅಂದ. ಎಬ್ಬಿಸಲೆಂದು ಎತ್ತಿದ ಅವಳ ಕೈ ಗಾಳಿಯಲ್ಲೇ ನಿಂತಿತು. ಮಲಗಿರಲಿ ಬಿಡು, ಎಂದುಕೊಂಡಳು. ಚಿಲಕ ಸದ್ದಾಗದಂತೆ ಬಾಗಿಲೆಳೆದು, ಒಳಗೆ ಬರಬೇಡಿ ಎಂಬ ಫಲಕವನ್ನು ಹಿಡಿಕೆಗೆ ನೇತುಹಾಕಿ, ಒಬ್ಬಳೇ ದಡಕ್ಕಿಳಿದಳು.

*

ಚಿತಾಗಾರದ ಹಜಾರದಲ್ಲಿ ಸಾಲು ಕುರ್ಚಿಗಳಿದ್ದವು. ನಡುವೆ ಚಕ್ರದ ಮಂಚದ ಮೇಲೆ ಅವನು. ಮುಖವೊಂದೇ ಕಾಣುತ್ತಿತ್ತು. ಬೇಕರಿಯ ಹಳೆಯ ಜೊತೆಗಾರ ಬಂದು ಅವನ ಕಾಲ ಬಳಿ ನಿಂತ. ಮುಂಗೈಯ ಮೇಲೆಲ್ಲ ಸುಟ್ಟ ಕಲೆಗಳು, ಮಲಗಿದ್ದವನಿಗೆ ಇದ್ದಂಥವೇ.

"ಗೂಬೆ ಹಗಲು ಹೊತ್ತಲ್ಲೇ ಹೋಯ್ತಲ್ಲ ಅಕ್ಕಾ. ನಿದ್ದೇಲೇ ಹೋದ ಅಂದ್ರು. ಪುಣ್ಯಾತ್ಮ."

"ಮಲಗಿದ ತಕ್ಷಣ ಅಂತೆ" ಎಂದಳು ಮಗಳು. "ಹಡಗಿನ ಡಾಕ್ಟರು ಫೋನಲ್ಲಿ ಹೇಳಿದ್ರು, ಏನೂ ಗೊತ್ತಾಗಿರಲ್ಲ ಅಂತ."

"ಹಾಗೆ ಹೋಗೋಕೂ ಕೇಳಿಕೊಂಡು ಬಂದಿರಬೇಕು" ಎಂದ ಜೊತೆಗಾರ. ಸುಮ್ಮನಿರಲಾರದೆ ಮುಂದುವರಿಸಿದ. "ಇವನ ಕೈ ಒಂದು ಗಡಿಯಾರ ಕಣಮ್ಮಾ. ಬ್ರೆಡ್ಡಿನ ಮೇಲೆ ಅಂಗೈಯ ಹಿಂಭಾಗ ಇಡೋನು, ಒಲೆಯಿಂದ ಇಳಿದು ಎಷ್ಟು ಹೊತ್ತಾಯ್ತು ಅಂತ ಹೇಳಿಬಿಡೋನು. ಒಂದಿನ ನಾನು ನಿದ್ದೆ ಹೊಡೆದು, ಎರಡು ಗಂಟೆ ಹಿಂದೇನೇ ಇಳಿಸಿದೀನಿ ಅಂತ ಬಿಟ್ಟೆ. ಮುಟ್ಟಿ ನೋಡಿದ. 'ನೀನು ಸುಳ್ಳು ಹೇಳಬಹುದು, ಬ್ರೆಡ್ಡು ಹೇಳಲ್ಲ. ಇದು ಈಗ ಇಳಿದಿದ್ದು' ಅಂದ. ಬಿಸಿ ಮುಚ್ಚಿಡೋಕಾಗಲ್ಲ ಅಂತಿದ್ದ."

ನಾದಿನಿ ಮೂಗು ಒರೆಸಿಕೊಂಡು ನಕ್ಕಳು. ಅವಳು ನಗಲಿಲ್ಲ. ತನ್ನ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

ಮಗಳು ಅದನ್ನು ನೋಡಿದಳು. ಹತ್ತಿರ ಸರಿದು ಕುಳಿತಳು.

"ಅಮ್ಮಾ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನೀನು ಸಂಜೆ ವಾಪಸ್ ಬಂದು ಮುಟ್ಟಿದಾಗ ಅಪ್ಪ ತಣ್ಣಗಾಗಿದ್ರಾ?"

ಹಜಾರದ ಗಡಿಯಾರದ ಮುಳ್ಳು ಟಕ್ಕೆಂದು ಜಿಗಿಯಿತು.

"ಯಾಕೆ?"

"ತಣ್ಣಗಾಗಿದ್ರೆ ಡಾಕ್ಟರು ಹೇಳಿದ್ದು ನಿಜ. ಮಲಗಿದಾಗಲೇ ಹೋಗಿದ್ದಾರೆ. ಇಲ್ಲಾಂದ್ರೆ..." ಮಗಳು ಅಪ್ಪನ ಮುಖದ ಕಡೆ ನೋಡಿದಳು. "ಇಲ್ಲಾಂದ್ರೆ ಅಷ್ಟು ಹೊತ್ತು ಆ ಕತ್ತಲಲ್ಲಿ ಒಬ್ರೇ..."

ಅವಳು ಮಗಳ ಮುಖ ನೋಡಿದಳು. ಕೈ ಮುರಿದ ದಿನ ಬಾಯಿಗೆ ಸೆರಗು ಒತ್ತಿಸಿಕೊಂಡಿದ್ದ ಮುಖವೇ.

"ತಣ್ಣಗಾಗಿದ್ರು" ಎಂದಳು. "ಕಲ್ಲಿನ ಹಾಗೆ."

ಮಗಳು ಉಸಿರು ಬಿಟ್ಟು, ಅವಳ ಭುಜಕ್ಕೆ ತಲೆಯೊರಗಿಸಿ ಅತ್ತಳು. ಅವಳು ಅಲುಗಾಡದೆ ಕುಳಿತಳು.

ಚಿತಾಗಾರದವನು ಬಂದು, ಹೊತ್ತಾಯಿತು ಎಂದು ಸನ್ನೆ ಮಾಡಿದ. ಅವಳೆದ್ದು ಮಂಚದ ಬಳಿ ಹೋಗಿ ಅಂಗೈಯ ಹಿಂಭಾಗವನ್ನು ಅವನ ಕತ್ತಿನ ಮೇಲಿಟ್ಟಳು. ನಾದಿನಿ ಹಿಂದಿನಿಂದ, "ಅತ್ತಿಗೆ, ಸಾಕು ಬನ್ನಿ. ಎಬ್ಬಿಸೋಕಾಗುತ್ತಾ?" ಎಂದಳು. ಚಕ್ರಗಳು ಸದ್ದಿಲ್ಲದೆ ಉರುಳಿದವು. ಚಿತಾಗಾರದವನು ಕಬ್ಬಿಣದ ಬಾಗಿಲನ್ನು ಮರ್ಯಾದೆಯಿಂದ, ಮೆಲ್ಲಗೆ ಎಳೆಯತೊಡಗಿದ.

"ಜೋರಾಗಿ ಹಾಕಪ್ಪಾ" ಎಂದಳು ಅವಳು.

ಅವನು ಗೊಂದಲದಿಂದ ನಿಂತ. ಮತ್ತೆ ಮೆಲ್ಲಗೇ ಹಾಕಿದ.

*

ಆ ಸಂಜೆ ಹಡಗಿನ ಡಾಕ್ಟರು ಕೋಣೆಯ ದೀಪಗಳನ್ನೆಲ್ಲ ಹೊತ್ತಿಸಿದ್ದರು. ಹೊದಿಕೆ ಅರ್ಧ ನೆಲಕ್ಕಿಳಿದಿತ್ತು. ಅವನು ಗೋಡೆಯ ಕಡೆಗಿರಲಿಲ್ಲ, ಬಾಗಿಲಿನ ಕಡೆ ತಿರುಗಿದ್ದ. ಒಂದು ಕೈ ಮಂಚದಿಂದ ಹೊರಗೆ ಚಾಚಿಕೊಂಡಿತ್ತು.

"ಕೊನೇ ಸಲ ಯಾವಾಗ ನೋಡಿದ್ರಿ ಇವರನ್ನ?"

"ಹತ್ತು ಗಂಟೆಗೆ."

ಡಾಕ್ಟರು ಗಡಿಯಾರ ನೋಡಿದರು. ಐದೂವರೆಯಾಗಿತ್ತು. ಏಸಿ ಹಾಕಿದ ಕೋಣೆ ಅವನಿಗೆ ಮಲಗಲು ಬೇಕಾದಷ್ಟು ತಣ್ಣಗಿತ್ತು. ಅವರು ಥರ್ಮಾಮೀಟರನ್ನು ಹೊರಗೆಳೆದು ದೀಪಕ್ಕೆ ಹಿಡಿದರು, ಅವಳ ಮುಖ ನೋಡಿದರು, ತಕ್ಷಣ ಬೇರೆ ಕಡೆ ನೋಡಿ, "ನಿದ್ದೇಲೇ ಹೋಗಿದ್ದಾರಮ್ಮ. ಮಲಗಿದ ತಕ್ಷಣ" ಎಂದರು. ಆಮೇಲೆ ಬಾಗಿಲ ಬಳಿಯಿದ್ದ ನರ್ಸಿಗೆ, ಅವಳಿಗೆ ಕೇಳಿಸಬಾರದೆಂದು ದನಿ ತಗ್ಗಿಸಿ ಅಂಕಿ ಹೇಳಿದರು. ಜೀವಮಾನವೆಲ್ಲ ಪಿಸುಮಾತಿನ ಮನೆಯಲ್ಲಿ ಕಳೆದವಳಿಗೆ ಅದು ಸ್ಪಷ್ಟವಾಗಿ ಕೇಳಿಸಿತು. ಬದುಕಿರುವ ಮೈಯ ಬಿಸಿ ಮೂವತ್ತೇಳು ಎಂಬುದು ಆಸ್ಪತ್ರೆಯಲ್ಲಿ ದುಡಿದವಳಿಗೆ ಗೊತ್ತಿತ್ತು.

ಮೂವತ್ತಾರು ಪಾಯಿಂಟ್ ನಾಲ್ಕು ಡಿಗ್ರಿ.