ಕೆಂಚಮ್ಮ ಅತ್ತ ರಾಗ

ಲೋಕೇಶನಿಗೆ ನಾಚಿಕೆಯೇ ಇಲ್ಲ ಅನ್ನುವಂತಿರಲಿಲ್ಲ. ಇತ್ತು, ಬರುವುದು ಮಾತ್ರ ತಡವಾಗುತ್ತಿತ್ತು. ವಿರೂಪಾಕ್ಷಿಪುರದಲ್ಲಿ ಎದುರುಮನೆ ಕೆಂಚಮ್ಮನ ಮಗಳು ದಿವ್ಯ ತೀರಿಕೊಂಡ ದಿನವೂ ಹಾಗೇ ಆಯಿತು. ಹತ್ತೊಂಬತ್ತರ ಹುಡುಗಿ, ಡೆಂಗಿ ಜ್ವರ, ನಾಲ್ಕೇ ದಿನ. ಹೆಂಗಸರೆಲ್ಲ ಹೆಣದ ಸುತ್ತ ಕೂತು, ನಮ್ಮ ಕಡೆಯ ಪದ್ಧತಿಯಂತೆ, ಹೇಳಿಕೊಂಡು ಅಳುತ್ತಿದ್ದರು. ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೆಂಚಮ್ಮ ರಾಗ ಎಳೆದಳು.

"ಕೂದ್ಲಿನ್ನೂ ಒಣಗಿರ್ನಿಲ್ವಲ್ಲೇ ನನ್ ಮಗಳೇ, ಬಾಚೋಕ್ ಮುಂಚೇನೇ ಹೊಂಟ್ಬುಟ್ಯಲ್ಲೇ..."

ಲೋಕೇಶ ಕಣ್ಣೊರೆಸಿಕೊಂಡ. ಒರೆಸಿಕೊಂಡ ಕೈಯನ್ನೇ ಜೇಬಿಗೆ ಹಾಕಿ ಮೊಬೈಲಿನಲ್ಲಿ ರೆಕಾರ್ಡಿಂಗ್ ಒತ್ತಿದ. ಅಯ್ಯೋ, ಎಂಥ ಕೈ ಅದು!

ತಾನೇ ಹಾಡು ಕಟ್ಟಿ, ಗಿಟಾರು ಹಿಡಿದು ತಾನೇ ಹಾಡುವವನು ಅವನು. ಮೂರು ವರ್ಷ ಯೂಟ್ಯೂಬಿನಲ್ಲಿ ಹಾಡಿದರೂ ಒಂದು ನರಪಿಳ್ಳೆಯೂ ತಿರುಗಿ ನೋಡಿರಲಿಲ್ಲ. ಈ ರಾಗ ಇಟ್ಟುಕೊಂಡು ಹಾಡು ಕಟ್ಟಿದ. ಕೇಳುವವರೆಲ್ಲ ವಯಸ್ಸಿನ ಹುಡುಗರಲ್ಲವೇ ಎಂದು 'ಮಗಳೇ' ತೆಗೆದು 'ಗೆಳತಿ' ಹಾಕಿದ. ತಗೋ, ಹಾರೋಹಳ್ಳಿ ಬಸ್ಸಿನಲ್ಲಿ ಅದೇ, ಟೀ ಅಂಗಡಿಯಲ್ಲಿ ಅದೇ. "ಆಟೋ ಸೈಡಿಗ್ ಹಾಕಿ ಅತ್ತೀನಿ ಕಣಣ್ಣ," ಅಂದ ಆಟೋ ಸಾಬೀರ್. ಚನ್ನಪಟ್ಟಣದ ಕಾರ್ಯಕ್ರಮದಲ್ಲಿ ಎರಡು ಸಾವಿರ ಜನ ಮೂಗು ಒರೆಸಿಕೊಂಡರು. "ಇದು ನಿಮ್ಮ ಸ್ವಂತ ನೋವಾ?" ಎಂದು ನಿರೂಪಕಿ ಕೇಳಿದಾಗ ಲೋಕೇಶ ತಲೆ ತಗ್ಗಿಸಿದ. ಹೌದೆಂದುಕೊಂಡು ಜನ ಇನ್ನಷ್ಟು ಅತ್ತರು. ಮಾರನೇ ದಿನದಿಂದ ಕೆಂಚಮ್ಮನ ಕಣ್ಣಿಗೆ ಬೀಳಬಾರದೆಂದು ಹಿತ್ತಲ ದಾರಿ ಹಿಡಿದ.

ಆರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅವಳೇ ಬಂದಳು, ದಿವ್ಯಳ ಮೊಬೈಲು ಹಿಡಿದುಕೊಂಡು.

"ಲೋಕೇಸ, ಇದ ಹಾಡಿರಾದು ನೀನೇಯಾ?"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವನಿಗೆ. "ತಪ್ಪಾಯ್ತು ಕಣವ್ವ. ನಿನ್ನ ಒಂದ್ ಮಾತು ಕೇಳ್ಬೇಕಿತ್ತು. ಇವತ್ತೇ ತೆಗ್ದಾಕ್ತೀನಿ."

"ತೆಗೀಬ್ಯಾಡ ಕಣಪ್ಪ. ಕೇಳ್ದೋರೆಲ್ಲ ಅಳ್ತಾವ್ರಂತೆ. ನನ್ ಮಗೀಗೆ ಅಷ್ಟ್ ಜನ ಅತ್ರಲ್ಲ, ಸಾಕು." ಸೆರಗಿನಿಂದ ಮುಖ ಒರೆಸಿಕೊಂಡಳು. "ಆದ್ರೆ ಗೆಳತಿ ಅಂತೀಯಲ್ಲ. ಅವ್ಳು ನನ್ ಮಗಳು ಕಣಪ್ಪ. ಒಂದೇ ಒಂದ್ಸಲ ಮಗಳೇ ಅಂತ ಹಾಡ್ಬುಡು. ಕೇಳ್ಕಂಡ್ ಹೋಯ್ತೀನಿ."

ಬೈದಿದ್ದರೆ, ಎರಡೇಟು ಬಾರಿಸಿದ್ದರೆ ತಡೆದುಕೊಳ್ಳುತ್ತಿದ್ದ. ಗಿಟಾರು ತೆಗೆದುಕೊಂಡು ಕಣ್ಣು ಮುಚ್ಚಿದ. ದನಿಯೇನೋ ಚೆನ್ನಾಗಿಯೇ ಬಂತು. "ಕೂದಲಿನ್ನೂ ಒಣಗಿರಲಿಲ್ಲ ಗೆಳತಿ..."

ಥೂ! ನಿಲ್ಲಿಸಿ ಮೊದಲಿಂದ ಹಿಡಿದ. ಅದೇ ಜಾಗಕ್ಕೆ ಬರುತ್ತಲೂ ನಾಲಿಗೆ ಮತ್ತೆ ಗೆಳತಿ ಎಂದೇ ಹೊರಳಿತು. ಎಷ್ಟು ವೇದಿಕೆ, ಎಷ್ಟು ಚಪ್ಪಾಳೆಗೆ ಹಾಗೆ ಹಾಡಿದ್ದನೋ! ಮೂರನೇ ಸಲ ಬಾಯಿಯೇ ತೆರೆಯಲಿಲ್ಲ. ಗಿಟಾರಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತುಬಿಟ್ಟ.

ಕೆಂಚಮ್ಮ ಹತ್ತಿರ ಬಂದು ಅವನ ಬೆನ್ನು ಸವರಿದಳು. "ಇರ್ಲಿ ಬುಡಪ್ಪ, ನಿನ್ ಬಾಯ್ಗೆ ಹಂಗೇ ಕೂತ್ಬುಟ್ಟೈತೆ. ಅಳ್ಬ್ಯಾಡ," ಅಂದಳು.

ಮಗಳನ್ನು ಕಳಕೊಂಡವಳೇ ತನಗೆ ಸಮಾಧಾನ ಹೇಳಿ ಹೋದಳಲ್ಲ ಎಂಬ ನಾಚಿಕೆಗೆ, ಅವಳು ಬೀದಿ ದಾಟಿ ಮನೆ ಸೇರುವವರೆಗೂ ಲೋಕೇಶ ತಲೆ ಎತ್ತಲಿಲ್ಲ.